ನೊರೆ ಲೆಕ್ಕಕ್ಕಿಲ್ಲ

ಸಂಜೆ ಏಳಕ್ಕೆ ಹಾಜರಿ.
ಸರಸ್ವತಿಪುರಂನ ಮಹಡಿಕೋಣೆ, ಬಟ್ಟೆ ಒಣಹಾಕುವ ದಾರದ ಕೆಳಗೆ
ನಾನು, ಒಂದು ದೀಪ, ಒಂದು ಬಿಳಿಹಲಗೆ;
ಎದುರಿಗೆ ನಲವತ್ತೊಂದು ಕಪ್ಪು ಚೌಕ.
ನಗುನಗುತ್ತ ಕಲಿಸಿ ಎಂದಿದ್ದಾರೆ ಕಂಪನಿಯವರು.
ಯಾರ ಮುಖ ನೋಡಿ ನಗಲಿ?

ಇಂಪನಾ. ಬಂದೆ ಮಿಸ್.
ಜವರಾಜು. ಮಿಸ್.
ಉಮೈರಾ ಬಾನು. ಹಿಂದೆ ತಮ್ಮನ ಅಳು, ಮತ್ತೆ ಮ್ಯೂಟ್.
ಆಮೇಲೆ ಹೆಸರೇ ಇಲ್ಲದ ಒಂದು ಚೌಕ:
ರೆಡ್ಮಿ ನೈನ್.
ಮೊದಲ ದಿನ ಎಲ್ಲರೂ ನಕ್ಕರು.
ಹೆಸರು ಬದಲಿಸಮ್ಮ ಎಂದೆ.
ಅವ್ವನ ಫೋನು ಮಿಸ್, ಏನಾರ ಒತ್ತುದ್ರೆ ಬಯ್ತಳೆ,
ಅಂದಿತು ರೆಡ್ಮಿ. ಹಾಗೇ ಉಳಿಯಿತು.

ಅದು ಮ್ಯೂಟ್ ತೆಗೆದಾಗಲೆಲ್ಲ
ನನ್ನ ಕೋಣೆಯೊಳಗೆ ಗಾಣ ನುಗ್ಗುತ್ತಿತ್ತು.
ಪಾಂಡವಪುರದಿಂದಾಚೆ ಎಲ್ಲೋ ಒಂದು ಆಲೆಮನೆ,
ಅವ್ವ ಒಲೆಬಾಯಿಗೆ ರಚ್ಚು ತಳ್ಳುತ್ತಾಳೆ,
ಯಾರೋ ಕೊಪ್ಪರಿಗೆಯ ಅಂಚಿಗೆ ಬಡಿದು ಕೂಗುತ್ತಾರೆ,
ಆ ಗಲಾಟೆಯ ನಡುವಿಂದ ಒಂದು ಸಣ್ಣ ದನಿ
ಸೈನ್ ಮೂವತ್ತು ಅರ್ಧ ಅನ್ನುತ್ತಿತ್ತು.

ಜನವರಿಯಲ್ಲಿ ಘನಫಲಕ್ಕೆ ಬಂದೆವು.
ಶಂಕು. ಶಂಕುವಿನ ತಲೆ ಕಡಿದರೆ ಭಿನ್ನಕ.
ಬಕೆಟ್ಟು ಬರೆದೆ, ಅದಕ್ಕೊಂದು ಹಿಡಿ ಬರೆದೆ,
ಮೇಲಿನ ತ್ರಿಜ್ಯ, ಕೆಳಗಿನ ತ್ರಿಜ್ಯ, ಎತ್ತರ.
ಬಕೆಟ್ ಬೆಲ್ಲ ಮಿಸ್! ಅಂದಿತು ರೆಡ್ಮಿ.
ಇಲ್ಲಿ ಸಾಲಾಗ್ ಮಡಗವ್ರೆ, ಐವತ್ತೆಂಟವೆ.
ಸೂತ್ರ ಬರೆದುಕೊಳ್ಳಿ ಎಂದೆ, ನಾಲ್ಕು ಅಂಕ ಖಂಡಿತ.

ಮಿಸ್, ಎಲ್ಲಾದರ ಮುಂದೂ ಒಂದು ಬೈ ಮೂರು ಅದೆಯಲ್ಲ,
ಅದು ಎಲ್ಲಿಂದ ಬತ್ತು?

ಹತ್ತೊಂಬತ್ತು ವರ್ಷ.
ಮೂರು ಶಾಲೆ, ಒಂದು ಟ್ಯುಟೋರಿಯಲ್, ಈಗ ಈ ದೀಪ.
ಎಷ್ಟು ಚಾಕ್‌ಪೀಸು ಸವೆಸಿದ್ದೇನೆ ಈ ಒಂದು ಬೈ ಮೂರಕ್ಕೆ,
ಯಾರೂ ಕೇಳಿರಲಿಲ್ಲ. ನಾನೂ.
ಅದು ಮೇಲಿನ ಕ್ಲಾಸಲ್ಲಿ ಬರುತ್ತೆ ಎಂದುಬಿಟ್ಟೆ.
ನನ್ನ ಮೇಷ್ಟ್ರೂ ಹೀಗೇ ಅಂದಿದ್ದರು;
ಮೇಲಿನ ಕ್ಲಾಸಿಗೆ ಹೋದಾಗ
ಅದು ಕೆಳಗಿನ ಕ್ಲಾಸಲ್ಲೇ ಆಗಿಹೋಗಿತ್ತು.

ರಾತ್ರಿ ಊಟವಾದ ಮೇಲೆ
ಒಂದು ಗೆಡ್ಡೆಕೋಸು ತಂದು ಘನ ಕೆತ್ತಿದೆ.
ಮೂಲೆಯಿಂದ ಮೂಲೆಗೆ ಕೊಯ್ದರೆ
ಮೂರು ಸಮ ಗೋಪುರ ಬರಬೇಕು, ಪುಸ್ತಕದ ಪ್ರಕಾರ.
ನನಗೆ ಎರಡು ಗೋಪುರ ಮತ್ತು ಪಲ್ಯ ಬಂತು.

ಮಾರನೆಯ ದಿನ ಹಾಜರಿ ಮುಗಿಯುವ ಮೊದಲೇ
ರೆಡ್ಮಿ ಕ್ಯಾಮೆರಾ ತೆರೆಯಿತು.
ಮುಖವಲ್ಲ, ಒಂದು ಕೈ,
ಸವೆದ ಗೋರಂಟಿ, ಬೆರಳಿಗೆ ಪಾಕ ಸಿಡಿದ ಹಳೆಯ ಕಲೆ.
ಡೀಸೆಲ್ ಸುರಿಯುವ ಆಲಿಕೆ, ಉಜ್ಜಿ ಉಜ್ಜಿ ತೊಳೆದದ್ದು,
ಅದರ ಮೂತಿಗೆ ಚೂರು ಮುದ್ದೆ ಮೆತ್ತಿತ್ತು.
ಪಕ್ಕದಲ್ಲಿ ಅಷ್ಟೇ ಬಾಯಿ, ಅಷ್ಟೇ ಎತ್ತರದ ಡಬ್ಬ,
ಸೋದರಮಾವ ತಗಡು ಕತ್ತರಿಸಿ ಸರಿಮಾಡಿಕೊಟ್ಟದ್ದು.
ನೋಡಿ ಮಿಸ್, ಅಂದು ಕಬ್ಬಿನ ಹಾಲು ಹುಯ್ದಳು.
ಒಂದು.
ಡಬ್ಬದ ತಳದಲ್ಲೆಲ್ಲೋ ಸಣ್ಣಗೆ ಹೊಳೆಯಿತು.
ಎರಡು.
ಮೂರನೆಯದು ಎತ್ತಿದಳು, ಆಲಿಕೆ ಬಾಗಿತು,
ಹಾಲು ಅಂಚು ದಾಟಿತು,
ಚಿತ್ರ ನಿಂತುಹೋಯಿತು.

ನೆಟ್‌ವರ್ಕು.
ಗಾಳಿಯಲ್ಲಿ ಹಸಿರುಹಳದಿ ಒಂದು ಹಗ್ಗ,
ಮೇಲೂ ಇಲ್ಲ, ಕೆಳಗೂ ಇಲ್ಲ.
ಯಾರೂ ಬಿಟ್ಟುಹೋಗಲಿಲ್ಲ.
ನಲವತ್ತು ಮನೆಯ ಸದ್ದಿಲ್ಲದ ಕತ್ತಲು
ಒಂದು ಡಬ್ಬದ ಬಾಯಿ ನೋಡುತ್ತ ಕೂತಿತ್ತು.
ಜವರಾಜು ಮಾತ್ರ, ತಡೀರಿ ತಡೀರಿ, ಅಂದ.

ಚಿತ್ರ ಬರಲಿಲ್ಲ. ಗಾಣ ಬಂತು, ಅದರ ಹಿಂದೆ ದನಿ:
ತುಂಬ್ತು ಮಿಸ್. ಕಂಠಮಟ್ಟ.
ಒಂದು ಬೆರಳಷ್ಟು ಮೇಲೆ ಉಕ್ತು, ಅದು ನೊರೆ.
ನೊರೆ ಲೆಕ್ಕಕ್ಕಿಲ್ಲ.

ನಾನು ನೋಡಲಿಲ್ಲ.
ಇಷ್ಟು ವರ್ಷದ ಮಕ್ಕಳು ನನ್ನನ್ನು ನಂಬಿದ ಹಾಗೆ
ನಾನು ಅವಳನ್ನು ನಂಬಿ
ಹಲಗೆಯ ಮೇಲೆ ಒಂದು ಬರೆದೆ, ಗೆರೆ ಎಳೆದೆ,
ಮೂರು ಬರೆಯುವಾಗ ಯಾಕೋ ಕೈ ನಿಧಾನವಾಯಿತು.

ನಿನ್ನ ಹೆಸರೇನಮ್ಮ ಎಂದೆ.
ಅಷ್ಟರಲ್ಲಿ ಅವ್ವ ಕೂಗಿದ್ದಳು, ಅವಳಿಗೆ ಫೋನು ಬೇಕಿತ್ತು.
ಏಳೂವರೆಗೆ ರೆಡ್ಮಿ ನೈನ್ ಹೊರಟುಹೋಯಿತು.
ಅರ್ಧ ಕ್ಲಾಸಿಗೆ ಪೂರ್ತಿ ಹಾಜರಿ ಹಾಕಿದೆ.